ಮೊದಲು ಮುಟ್ಟಿದ ಕೈ

ಹುಟ್ಟಿದ ಕೂಡಲೇ ನಮ್ಮನ್ನು ಮೊದಲು ಮುಟ್ಟಿದ ಕೈ ಯಾರದು? ಅಪ್ಪನದಂತೂ ಅಲ್ಲ. ಸೂಲಗಿತ್ತಿಯದು. ಹುನಗುಂದ, ಬಾದಾಮಿ ಸೀಮೆಯ ಎಷ್ಟೋ ಊರುಗಳಲ್ಲಿ ಅದು ನಮ್ಮ ಕೇರಿಯ ಮುದುಕಿಯ ಕೈಯಾಗಿತ್ತು. ನಡುರಾತ್ರಿ ದೊಡ್ಡ ಮನೆಯಲ್ಲಿ ಬ್ಯಾನಿ ಎದ್ದರೆ 'ಲಗೂನ ಬಾರಬೇ ಯವ್ವಾ' ಅಂತ ಕಂದೀಲು ಹಿಡಿದು ಓಡಿ ಬರುತ್ತಿದ್ದರು. ಆಗ ಹೊಸ್ತಿಲು ಅಡ್ಡ ಬರುತ್ತಿರಲಿಲ್ಲ. ಆಕೆ ಹೊಕ್ಕಳಬಳ್ಳಿ ಕೊಯ್ದಳು, ಮಾಸು ಹುಗಿದಳು, ಕೂಸಿಗೆ ಎರೆದಳು. ಪುರುಡು ಕಳೆದ ಮೇಲೆ ಅದೇ ಮನೆಯ ಅಂಗಳದಲ್ಲಿ ಬೊಗಸೆಯೊಡ್ಡಿ, ಮೇಲಿಂದ ಹೊಯ್ದ ನೀರು ಕುಡಿದಳು.

ಗೆಳೆಯರೇ, ಬ್ಯಾನಿಯ ಹೊತ್ತಿಗೆ ಸತ್ತಿದ್ದ ಮೈಲಿಗೆ ಪುರುಡು ಕಳೆದ ಕೂಡಲೇ ಎದ್ದು ಬಂದದ್ದು ಎಲ್ಲಿಂದ? ಅದು ಆಕೆಯ ಮೈಯಲ್ಲಿ ಇರಲೇ ಇಲ್ಲ, ಉಳ್ಳವರ ಅನುಕೂಲದಲ್ಲಿತ್ತು. ನಮ್ಮ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣ ಮತ್ತವನ ಜೊತೆಯ ಶರಣರು 12ನೇ ಶತಮಾನದಲ್ಲೇ ಜನನ ಸೂತಕ, ಜಾತಿ ಸೂತಕ ಎರಡನ್ನೂ ತಳ್ಳಿಹಾಕಿದ್ದರು. ಎರಡೂ ಒಂದೇ ಬೇರಿನವು.

ಹಾಗಾದರೆ ಶುದ್ಧ ಬೇಡವೇನು? ಬೇಕು, ಮಡಿ ಬೇಡ. ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಸೂಲಗಿತ್ತಿಯರ ವಾರ್ಡಿಗಿಂತ ಡಾಕ್ಟರರ ವಾರ್ಡಿನಲ್ಲೇ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಡಾಕ್ಟರರು ಹೆಣ ಕೊಯ್ದ ಕೈಯಿಂದಲೇ ಬಸುರಿಯರನ್ನು ಮುಟ್ಟುತ್ತಿದ್ದರು. 1847ರಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ ಅವರಿಂದ ಕ್ಲೋರಿನ್ ನೀರಲ್ಲಿ ಕೈ ತೊಳೆಸಿದ, ಸಾವು ಇಳಿಯಿತು. ಆದರೂ ದೊಡ್ಡ ಡಾಕ್ಟರರು ಬಹಳ ಜನ ಒಪ್ಪಲಿಲ್ಲ. ಮುಟ್ಟುವ ಮುಂಚೆ ಕೈ ತೊಳೆಯೋದು ತಾಯಿಯ ಜೀವಕ್ಕಾಗಿ. ಸೂಲಗಿತ್ತಿ ಮುಟ್ಟಿದಳೆಂದು ಜಳಕ ಮಾಡೋದು ಜಾತಿಯ ಜೀವಕ್ಕಾಗಿ.

ಈಗ ಹೆರಿಗೆ ಮನೆ ಬಿಟ್ಟು ಆಸ್ಪತ್ರೆಗೆ ಬಂದಿದೆ. ಬಡ ಹೆಂಗಸರು ಅಲ್ಲೇ ಹಡೆಯಲೆಂದು 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ಒಳ್ಳೆಯದೇ ಆಯಿತು; ಮನೆಯಲ್ಲಿ ರಕ್ತ ಹರಿದು ಸತ್ತ ಅವ್ವಂದಿರನ್ನು ನಾವು ಮರೆತಿಲ್ಲ. ಆದರೆ ಇಳಕಲ್ಲಿನ ಮಗ್ಗದ ಮನೆಯಿಂದಲೋ ಬಾಗಲಕೋಟೆಯ ಕೇರಿಯಿಂದಲೋ ಬಂದ ಹೆಣ್ಣಿಗೆ ಹೆರಿಗೆ ಕೋಣೆಯಲ್ಲಿ 'ಯಾಕ ಒದರ್ತಿ, ಆವಾಗ ತಿಳೀಲಿಲ್ಲೇನು?' ಎಂಬ ಬೈಗುಳ ಸಿಕ್ಕರೆ, ಅದೂ ಮೇಲಿಂದ ಹೊಯ್ದ ನೀರೇ. ಇಂಥ ಅವಮಾನ ಹೆಣ್ಣಿನ ಹಕ್ಕಿನ ಉಲ್ಲಂಘನೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿತು. ರಾತ್ರಿಯೆಲ್ಲಾ ಒಬ್ಬಳೇ ಇಡೀ ವಾರ್ಡು ನೋಡುವ ನರ್ಸಮ್ಮನ ಮೇಲಷ್ಟೇ ನಾವು ಬೆರಳು ತೋರುವುದಿಲ್ಲ. ಆಕೆಯೂ ದುಡಿಯುವ ಹೆಣ್ಣು. ಆ ಕೋಣೆಯ ರಕ್ತ ಒರೆಸುವ ಆಯಾ ಬಹಳ ಕಡೆ ಇವತ್ತಿಗೂ ನಮ್ಮ ಕೇರಿಯವಳೇ.

ಆರೈಕೆಯೆಂದರೆ ಇಷ್ಟು: ಕೂಸನ್ನು ಒರೆಸಿ ಅವ್ವನ ಬರಿ ಎದೆಗೆ ಹಚ್ಚುವುದು, ಒಂದು ತಾಸಿನೊಳಗೆ ಹಳದಿ ಬಣ್ಣದ ಮೊದಲ ಹಾಲು ಕುಡಿಸುವುದು, ರಕ್ತ ನಿಂತಿತೇ ಎಂದು ಮತ್ತೆ ಮತ್ತೆ ನೋಡುವುದು, ಬಾಣಂತಿಯನ್ನು ಹೆಸರು ಹಿಡಿದು ಕರೆಯುವುದು. ಇದು ಉಪಕಾರವಲ್ಲ, ಆಕೆಗೆ ಸಲ್ಲಬೇಕಾದ್ದು.

ನಾಗನಾಥಕೊಳ್ಳದಲ್ಲಿದ್ದ ಲಜ್ಜಾಗೌರಿ ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿದ್ದಾಳೆ. ತಲೆಯ ಜಾಗದಲ್ಲಿ ಕಮಲ, ಹಡೆಯಲು ಅಗಲಿಸಿದಂಥ ಕಾಲು. ಕಲ್ಲಾದರೆ ತಾಯಿ ಎಂದು ಕೈ ಮುಗಿಯುತ್ತೇವೆ. ಅದೇ ಭಂಗಿಯಲ್ಲಿ ಜೀವಂತ ಹೆಣ್ಣು ನರಳಿದರೆ ನಾಚಿಕೆಗೇಡಿ ಅನ್ನುತ್ತೇವೆ.

ಊರಿನ ಮಾಸ್ತರರೇ, ನಾಳೆ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿರಿ: ನಿಮ್ಮ ಅಜ್ಜನನ್ನು ಮೊದಲು ಎತ್ತಿದ ಕೈಗೆ ನಿಮ್ಮ ಮನೆಯೊಳಗೆ ಎಂದಾದರೂ ಒಂದು ತಂಬಿಗೆ ನೀರು ಸಿಕ್ಕಿತ್ತೇ?