ಗುಡಾರ ಕಲಿಸುವ ಧರ್ಮ

ಆಗಸ್ಟ್ ಕಳೆದು ಸೆಪ್ಟೆಂಬರ್ ಕಾಲಿಡುವ ಹೊತ್ತಿಗೆ ಅಮೆರಿಕದಲ್ಲಿ ಬೇಸಿಗೆಯ ರಜೆ ಮುಗಿಯತೊಡಗುತ್ತದೆ. ಆ ಕೊನೆಯ ದಿನಗಳಲ್ಲಿ ಎಷ್ಟೋ ಕುಟುಂಬಗಳು ಗುಡಾರ ಕಟ್ಟಿಕೊಂಡು ರಾಷ್ಟ್ರೀಯ ಉದ್ಯಾನಗಳತ್ತ ಹೊರಡುತ್ತವೆ. ಕ್ಯಾಲಿಫೋರ್ನಿಯದ ಯೊಸೆಮಿಟಿ ಅವುಗಳಲ್ಲಿ ಹೆಸರುವಾಸಿಯಾದುದು. ಹಿಮ ಕರಗಿ ವಸಂತದಲ್ಲಿ ಭೋರ್ಗರೆಯುವ ಅಲ್ಲಿನ ಜಲಪಾತ ಆ ವೇಳೆಗೆ ಬಹುತೇಕ ಬತ್ತಿರುತ್ತದೆ. ಆದರೂ ಜನ ಬರುತ್ತಾರೆ. ಭದ್ರವಾದ ಮನೆಯುಳ್ಳವರು ಬಟ್ಟೆಯ ಗೋಡೆಗಳ ನಡುವೆ ಮಲಗಲು ಬಯಸುವುದೇಕೆ?

ಇಸ್ರಯೇಲರ ಪರ್ಣಕುಟೀರಗಳ ಹಬ್ಬದಲ್ಲಿ ಇದಕ್ಕೊಂದು ಹಳೆಯ ಉತ್ತರವಿದೆ. ಬೆಳೆ ಕೂಡಿಸಿಕೊಂಡ ಮೇಲೆ ಅವರು ಏಳು ದಿನ ರೆಂಬೆಗಳ ಗುಡಿಸಲಲ್ಲಿ ವಾಸಿಸಬೇಕಿತ್ತು. ಕಣಜ ತುಂಬಿದಾಗಲೇ ಮನುಷ್ಯ 'ಇದು ನನ್ನದು' ಎನ್ನುವುದು. ಮರುಭೂಮಿಯ ನೆನಪು ಅವನಿಗೆ ಬೇಕಾಗುವುದೂ ಆಗಲೇ. ಭೂಮಿ ದೇವರದು, ನಾವು ಅಲ್ಲಿ ತಂಗಿರುವ ಪರದೇಶಿಗಳು ಎಂಬುದು ಯಾಜಕಕಾಂಡದ ಬೋಧನೆ.

ಗುಡಾರದ ವಾಸ ಈ ಬೋಧನೆಯನ್ನು ನಿತ್ಯದ ಕೆಲಸಗಳಲ್ಲೇ ಕಲಿಸುತ್ತದೆ. ಯೊಸೆಮಿಟಿಯಲ್ಲಿ ತಿನಿಸನ್ನೂ ಸೋಪಿನಂಥ ವಾಸನೆಯ ವಸ್ತುಗಳನ್ನೂ ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿಡಬೇಕು. ಮನುಷ್ಯರ ಆಹಾರದ ರುಚಿ ಹತ್ತಿದ ಕರಡಿ ಅಪಾಯಕಾರಿಯಾಗಬಹುದು. ಕೊನೆಗೆ ಅದನ್ನು ಕೊಲ್ಲಬೇಕಾಗಿಯೂ ಬರಬಹುದು. ಹುಲ್ಲು ಒಣಗಿರುವ ಆ ಕಾಲದಲ್ಲಿ ಆರಿಸದೆ ಬಿಟ್ಟ ಕೆಂಡವೊಂದು ಕಾಡನ್ನೇ ಸುಡಬಲ್ಲದು. ನಮ್ಮ ಅಲಕ್ಷ್ಯದ ಬೆಲೆಯನ್ನು ಬೇರೊಂದು ಜೀವ ತೆರುತ್ತದೆ. ಈ ಉದ್ಯಾನಗಳ ಆಡಳಿತಕ್ಕಾಗಿ 1916ರ ಆಗಸ್ಟ್ 25ರಂದು ಬಂದ ಕಾಯಿದೆಯು ಜನರ ಆನಂದವನ್ನೂ, ಮುಂದಿನ ಪೀಳಿಗೆಗಳಿಗಾಗಿ ಕೆಡದಂತೆ ಉಳಿಸುವ ಹೊಣೆಯನ್ನೂ ಒಟ್ಟಿಗೇ ಹೇಳಿತು.

ಆದರೆ 'ಎಲ್ಲರದು' ಎಂಬ ಮಾತೂ ಲೆಕ್ಕ ಒಪ್ಪಿಸಬೇಕಾಗುತ್ತದೆ. 1851ರಲ್ಲಿ ಸಶಸ್ತ್ರ ದಳವೊಂದು ಈ ಕಣಿವೆಗೆ ನುಗ್ಗಿ, ಅಲ್ಲಿನ ಮೂಲನಿವಾಸಿಗಳಾದ ಅಹ್ವಾನೀಚೀ ಜನರ ಮನೆಗಳನ್ನೂ ಆಹಾರವನ್ನೂ ಸುಟ್ಟು ಅವರನ್ನು ಹೊರದೂಡಿತು. 1864ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಮಾಡಿದ ಕಾಯಿದೆ ಅದೇ ಕಣಿವೆಯನ್ನು ಸಾರ್ವಜನಿಕರ ವಿಹಾರಕ್ಕೆ ಮೀಸಲಿಟ್ಟಿತು. ನಾಗರಹೊಳೆಯ ಜೇನುಕುರುಬರನ್ನು ಕಾಡಿನಿಂದ ಎಬ್ಬಿಸಿದ್ದನ್ನು ಬಲ್ಲ ನಮಗೆ ಈ ಕಥೆ ಅಪರಿಚಿತವಲ್ಲ.

ಹಾಗಾದರೆ ಅಂಥ ನೆಲಕ್ಕೆ ಹೋಗಲೇಬಾರದೇ? ದೂರ ಉಳಿದ ಮಾತ್ರಕ್ಕೆ ಅನ್ಯಾಯ ಅಳಿಯದು. ಆದರೆ ಮನೆಯವರು ಯಾರೆಂದು ಕೇಳುವುದು ಅತಿಥಿಯ ಮೊದಲ ಕರ್ತವ್ಯ. ಅವರ ಸಂತತಿಯವರು ಇಂದಿಗೂ ಇದ್ದಾರೆ. ಅವರ ಮಾತಿಗೆ ಕಿವಿಗೊಡದೆ ಕಾಡಿನ ಮೌನವನ್ನು ಸವಿಯುವುದು ಅರ್ಧ ಸತ್ಯವನ್ನಷ್ಟೇ ಸವಿದಂತೆ.

ವಾಕ್ಯವು ಮನುಷ್ಯರಾಗಿ ನಮ್ಮ ನಡುವೆ ನೆಲೆಸಿದ್ದನ್ನು ಹೇಳಲು ಸಂತ ಯೊವಾನ್ನರ ಶುಭಸಂದೇಶದ ಗ್ರೀಕ್ ಮೂಲ ಬಳಸಿರುವುದು ಗುಡಾರ ಹೂಡುವ ಕ್ರಿಯಾಪದವನ್ನೇ. ಎಲ್ಲಕ್ಕೂ ಒಡೆಯರಾದವರೇ ಅತಿಥಿಯಾಗಿ ಬಂದರು. ಒಡೆತನವಿಲ್ಲದ ನಮಗೆ ಅತಿಥಿಯ ವಿನಯ ಭಾರವಾಗಬೇಕೇ?