ವಾರದ ಕಂತು, ರಂಜಾನಿನ ಲೆಕ್ಕ

ಮೈಸೂರಿನ ಉದಯಗಿರಿಯಲ್ಲಿ ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಹೆಂಗಸರಿಗೆ ಕೂಲಿ ಸಾವಿರಕ್ಕೆ ಇಷ್ಟೆಂಬ ಲೆಕ್ಕ. ಕೆಲಸ ತಪ್ಪಬಹುದು, ಬಡ್ಡಿಗೆ ಸಾಲ ಕೊಟ್ಟ ಸಂಘದ ವಾರದ ಕಂತು ತಪ್ಪದು.

ಬಡ್ಡಿ ಹರಾಮೆಂದು ನಂಬಿದವರು ಬಡ್ಡಿ ಕಟ್ಟುತ್ತಲೇ ಸಂಸಾರ ತೂಗಿಸುವುದು ಹೇಗೆ? ಕುರ್‌ಆನಿನ ಅತಿ ಉದ್ದದ ವಾಕ್ಯ (2:282) ನಮಾಜಿನ ಬಗ್ಗೆಯಲ್ಲ, ಸಾಲ ಬರೆದಿಡುವ ಬಗ್ಗೆ. ಅದಕ್ಕೂ ಮೊದಲು, 280ರಲ್ಲಿ, ಕಷ್ಟದಲ್ಲಿರುವ ಸಾಲಗಾರನಿಗೆ ಗಡುವು ಕೊಡಿ, ಮನ್ನಾ ಮಾಡಿದರೆ ಇನ್ನೂ ಲೇಸು ಎಂಬ ಸೂಚನೆಯಿದೆ. ಕಡ್ಡಾಯ ದಾನವಾದ ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಸೇರಿದ್ದಾರೆ. ಅಂದರೆ ಧರ್ಮದ ಹೊಣೆ ಸಾಲ ಮಾಡಿದವಳ ಮೇಲಷ್ಟೇ ಇಲ್ಲ, ಮೊಹಲ್ಲಾದ ಮೇಲೂ ಇದೆ. ರಂಜಾನಿನ ರೇಷನ್ ಕಿಟ್ ಹಂಚಿದ್ದಕ್ಕೆ ಫೋಟೊ ಸಿಗುತ್ತದೆ. ಯಾರದೋ ಕಂತು ತೀರಿಸಿದ್ದಕ್ಕೆ ಸಿಗುವುದಿಲ್ಲ.

ಕಾನೂನೂ ಸುಮ್ಮನಿಲ್ಲ: 2025ರ ಫೆಬ್ರವರಿಯಲ್ಲಿ ಬಂದ ರಾಜ್ಯದ ಸುಗ್ರೀವಾಜ್ಞೆ, ಕಿರುಕುಳ ಕೊಟ್ಟು ಸಾಲ ವಸೂಲು ಮಾಡುವವರಿಗೆ 10 ವರ್ಷದವರೆಗೆ ಜೈಲು ಎಂದಿತು. ಬಾಡಿಗೆ ಮೊದಲೋ, ಶಾಲೆಯ ಫೀಸೋ, ಕಂತೋ ಎಂಬ ತೀರ್ಮಾನ ಮಾತ್ರ ಇನ್ನೂ ಮನೆಯಾಕೆಯದೇ.