ಇಂದಿನ ಧಮ್ಮ ಚಿಂತನೆ: ಬೆರಳು ಯಾರ ಮಾತು ಕೇಳುತ್ತದೆ?



ರಾಯಲ್ಪಾಡಿನ ನಮ್ಮ ಮನೆಯ ಜಗಲಿಯಲ್ಲಿ ಕೂತು, 40ನೇ ವಯಸ್ಸಿಗೆ ಗಿಟಾರ್ ಕಲಿಯುತ್ತಿದ್ದೇನೆ. ಭೀಮಗೀತೆಗಳ ನಡುವೆ ಮನಸ್ಸಿಗೆ ತೋಚಿದ್ದನ್ನು ನುಡಿಸಬೇಕೆಂಬ ಆಸೆ. ಸ್ಕೇಲ್ ಅಭ್ಯಾಸ ಮಾತ್ರ ಬೇಡವಾಗಿತ್ತು. ನಿಯಮ ಎಂದರೆ ನಮ್ಮ ಜನಕ್ಕೆ ಗೊತ್ತೇ ಇದೆ: ಯಾವ ಬೀದಿಯಲ್ಲಿ ನಡೆಯಬಾರದು, ಯಾರ ಸಾವಿಗೆ ಬಿಟ್ಟಿ ತಮಟೆ ಬಡಿಯಬೇಕು. ಅದನ್ನೆಲ್ಲ ಬಿಟ್ಟು ಬಂದವನು ಮತ್ತೆ ಐದು ಸ್ವರಗಳಿಗೆ ಯಾಕೆ ಕಟ್ಟುಬೀಳಲಿ?

ಅಪ್ಪ ಒಂದು ಕಾಲಕ್ಕೆ ತಮಟೆ ಬಡಿದವರು, ಆಮೇಲೆ ಅದನ್ನು ಅಟ್ಟಕ್ಕೆ ಹಾಕಿದವರು. ನನ್ನ ‘ಸ್ವತಂತ್ರ’ ವಾದನವನ್ನು ಮೂರು ಸಂಜೆ ಕೇಳಿಸಿಕೊಂಡು ಅಂದರು: “ಮೂರು ದಿನವೂ ಒಂದೇ ನುಡಿಸಿದ್ಯಲ್ಲಪ್ಪಾ. ಬೆರಳು ನಿನ್ನ ಮಾತು ಕೇಳ್ತೈತೋ, ನೀನೇ ಬೆರಳಿನ ಮಾತು ಕೇಳ್ತಿದ್ದೀಯೋ?”

ನಿಜ. ಬೆರಳು ತನಗೆ ಸುಲಭವಾದ ಕಡೆಗೇ ಹೋಗುತ್ತಿತ್ತು, ಅದನ್ನೇ ನಾನು ಸ್ವಾತಂತ್ರ್ಯ ಅಂದುಕೊಂಡಿದ್ದೆ. ಮರುದಿನವೇ ಎ ಮೈನರ್ ಪೆಂಟಾಟಾನಿಕ್ ಹಿಡಿದೆ. ಎ, ಸಿ, ಡಿ, ಇ, ಜಿ. ಐದನೇ ಫ್ರೆಟ್‌ನಿಂದ ಮೇಲಕ್ಕೆ, ಕೆಳಕ್ಕೆ, ತಿಂಗಳುಗಟ್ಟಲೆ. (ಮನೆಯಾಕೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.) ಒಂದು ಸಂಜೆ ಬೆರಳು ಹೊಸ ದಾರಿಗೆ ಹೋಯಿತು, ನಾನು ಹೇಳಿದ್ದಕ್ಕೆ. ಡಿ ಮತ್ತು ಇ ನಡುವಿನ ಹೊರಗಿನ ಸ್ವರವನ್ನೂ ಬೇಕೆಂದೇ ಮುಟ್ಟಿದೆ. ಬ್ಲೂಸ್ ಕಟ್ಟಿದ ಅಮೆರಿಕದ ಕಪ್ಪು ಜನರ ಸ್ವರವದು.

ಸೋಣನ ವೀಣೆಯ ಕಥೆ ನಿಮಗೆಲ್ಲ ಗೊತ್ತು. ಅದು ತಂತಿ ಬಿಗಿಯುವ ವಿಷಯ, ನಾನು ಕೇಳುತ್ತಿರುವುದು ತಂತಿ ಬಿಗಿದಾದ ಮೇಲಿನದು. 1936ರ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ನಿಯಮವನ್ನೂ ತತ್ವವನ್ನೂ ಬೇರ್ಪಡಿಸುತ್ತಾರೆ. ನಿಯಮ ಹೀಗೇ ಮಾಡು ಎನ್ನುತ್ತದೆ. ತತ್ವ ತೂಗಿ ನೋಡಲು ಬಿಡುತ್ತದೆ, ಹಾಗಾಗಿ ಹೊಣೆಯನ್ನೂ ನಮ್ಮ ಮೇಲೆ ಹಾಕುತ್ತದೆ. ಪಂಚಶೀಲದ ಒಂದೊಂದನ್ನೂ ಪಾಲಿಯಲ್ಲಿ ಸಿಕ್ಖಾಪದ ಎನ್ನುತ್ತಾರೆ, ಅಂದರೆ ಕಲಿಕೆಯ ಹೆಜ್ಜೆ. ಅದನ್ನು ಯಾರೂ ಹೇರುವುದಿಲ್ಲ, ನಾವೇ ಕೈಗೆತ್ತಿಕೊಳ್ಳುತ್ತೇವೆ.

ಹಾಗಾದರೆ ಶೀಲದಲ್ಲೂ ಹೊರಗಿನ ಸ್ವರ ಮುಟ್ಟಬಹುದೇ? ಹಿಂದೊಮ್ಮೆ ಬಾಡಿಗೆ ಮನೆಗಾಗಿ ನಾನು ಬೇರೆ ಜಾತಿ ಹೇಳಿದ್ದೆ. ತಪ್ಪು ಕೇಳಿದವರದ್ದೇ, ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಸುಳ್ಳು ನಾನು ತೂಗಿ ನೋಡಿ ಆಡಿದ್ದಲ್ಲ. ಭಯಕ್ಕೆ ಪಳಗಿದ ನಾಲಿಗೆ ತಾನೇ ಆಡಿಬಿಟ್ಟಿತು. ನನ್ನನ್ನು ಚುಚ್ಚುವುದು ಅದೇ.

ಮುಂದಿನ ತಿಂಗಳು ಮಗನಿಗೆ ಕೋಲಾರದಲ್ಲಿ ರೂಮ್ ಹುಡುಕಬೇಕು. ಮೊದಲು ಏನು ಕೇಳುತ್ತಾರೆ ಎಂಬುದು ನಮಗೆಲ್ಲ ಗೊತ್ತು. ಏನು ಹೇಳಿಕೊಡಲಿ ಎಂದು ನಾನಿನ್ನೂ ತೂಗುತ್ತಿರುವಾಗಲೇ, “ನಾನೇ ಮಾತಾಡ್ತೀನಿ ಬಿಡಪ್ಪಾ” ಅಂದಿದ್ದಾನೆ.